ಪ್ರಯೋಗಶಾಲೆಯ ಪ್ರಾಣಿಯೂ ನಮ್ಮ ಸುಲಭ ಕರುಣೆಯೂ

ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ನಾಲ್ಕು ಜನ ವಿದ್ಯಾವಂತರು ಕೂಡಿದ ಕಡೆ, ವಿಜ್ಞಾನದ ಮಾತು ಬಂದು, ಆ ಮಾತು ಹೊರಳಿ ಪ್ರಯೋಗಶಾಲೆಗಳಲ್ಲಿ ಪ್ರಾಣಿಗಳನ್ನು ಉಪಯೋಗಿಸುವ ವಿಷಯಕ್ಕೆ ಬಂದಿತೆಂದರೆ, ಪಕ್ಷ ಜಾತಿ ವಯಸ್ಸುಗಳ ಭೇದವನ್ನೆಲ್ಲ ಮೀರಿದ ಒಂದು ಐಕಮತ್ಯವು ಕ್ಷಣಮಾತ್ರದಲ್ಲಿ ನೆಲೆಗೊಳ್ಳುವುದನ್ನು ಯಾರಾದರೂ ಗಮನಿಸಬಹುದು. ಮೂಕಪ್ರಾಣಿಗಳ ಶಾಪ ಸುಮ್ಮನೆ ಬಿಡುವುದಿಲ್ಲವೆಂದು ಒಬ್ಬರು ನಿಟ್ಟುಸಿರಿಡುತ್ತಾರೆ; ಕಂಪ್ಯೂಟರು ಇರುವ ಈ ಕಾಲದಲ್ಲಿ ಅದೆಲ್ಲ ಯಾತಕ್ಕೆ ಬೇಕೆಂದು ಮತ್ತೊಬ್ಬರು ಕೇಳುತ್ತಾರೆ; ಇದು ಪಾಶ್ಚಾತ್ಯರಿಂದ ಬಂದ ಕ್ರೌರ್ಯವೆಂದೂ ಅಹಿಂಸೆಯ ನಾಡಾದ ನಮ್ಮಲ್ಲಿ ಇದಕ್ಕೆ ಸ್ಥಾನವಿರಲಿಲ್ಲವೆಂದೂ ಮೂರನೆಯವರು ತೀರ್ಪು ಕೊಡುತ್ತಾರೆ. ಅಷ್ಟಕ್ಕೆ ಚರ್ಚೆ ಮುಗಿಯುತ್ತದೆ. ಎಲ್ಲರೂ ತಾವು ಸ್ವಲ್ಪಮಟ್ಟಿಗೆ ಹೆಚ್ಚು ಒಳ್ಳೆಯವರಾದೆವೆಂಬ ಭಾವನೆಯಿಂದ ಏಳುತ್ತಾರೆ. ಈ ಅಭಿಪ್ರಾಯವು ಕರುಣೆಯ ವೇಷವನ್ನು ತೊಟ್ಟಿದ್ದರೂ ಕರುಣೆಯಲ್ಲವೆಂದೂ, ತಾನು ಉಂಡುದರ ಮೂಲವನ್ನು ಅರಿಯಲೊಲ್ಲದ ಮನಸ್ಸಿನ ಜಾಣತನವೆಂದೂ, ಯಾವ ಪ್ರಾಣಿಗಳ ಹೆಸರಿನಲ್ಲಿ ಇದು ಮಾತನಾಡುತ್ತದೆಯೋ ಆ ಪ್ರಾಣಿಗಳಿಗೇ ಇದರಿಂದ ಕೇಡಾಗಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

2021ರಲ್ಲಿ ಕೊರೊನಾ ಲಸಿಕೆಗಾಗಿ ಜಿಲ್ಲೆಯ ಆಸ್ಪತ್ರೆ ಶಾಲೆಗಳ ಮುಂದೆ ನಸುಕಿನಿಂದಲೇ ಸಾಲುಗಟ್ಟಿ ನಿಂತವರಲ್ಲಿ, ಟೋಕನ್ ಸಿಗಲಿಲ್ಲವೆಂದು ಸಿಬ್ಬಂದಿಯೊಡನೆ ಜಗಳ ತೆಗೆದವರಲ್ಲಿ, ಮೇಲೆ ಹೇಳಿದ ಮೂರು ಬಗೆಯವರೂ ಇದ್ದರು. ಕೊವ್ಯಾಕ್ಸಿನ್ ಎಂಬ ಲಸಿಕೆಯನ್ನು ಮನುಷ್ಯರಿಗೆ ಚುಚ್ಚುವ ಕೆಲಸ ಬಹಳ ಮುಂದುವರಿಯುವ ಮುನ್ನ ಅದನ್ನು ಇಪ್ಪತ್ತು ಮಂಗಗಳ ಮೇಲೆ ಪರೀಕ್ಷಿಸಲಾಯಿತೆಂಬುದೂ, ಲಾಕ್‌ಡೌನಿನ ದಿನಗಳಲ್ಲಿ ಅವನ್ನು ನಾಗಪುರದ ಸುತ್ತಲಿನ ಕಾಡುಗಳಲ್ಲಿ ಹುಡುಕಿ ಹಿಡಿದು ಪುಣೆಗೆ ಸಾಗಿಸಲಾಯಿತೆಂಬುದೂ ಗುಟ್ಟಾಗಿ ಉಳಿದ ಸಂಗತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಿನ ಮುಖ್ಯಸ್ಥರೇ ತಮ್ಮ ಪುಸ್ತಕದಲ್ಲಿ ಬರೆದ ಸಂಗತಿ. ಅದನ್ನು ಕೇಳಿದವರು ಛೇ ಎಂದರು. ಆದರೆ ಎರಡನೆಯ ಡೋಸನ್ನು ಬಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಬಿಡಬೇಕಾಗಿತ್ತೆಂದು ನಾನು ಹೇಳುತ್ತಿಲ್ಲ, ತೆಗೆದುಕೊಂಡದ್ದು ಸರಿಯೇ. ತೆಗೆದುಕೊಂಡ ಮೇಲೆ ಛೇ ಎನ್ನುವ ಅಧಿಕಾರ ಎಲ್ಲಿಂದ ಬಂದಿತೆಂಬುದು ನನ್ನ ಪ್ರಶ್ನೆ.

ನಮ್ಮ ದೇಹಗಳ ಮೇಲೆಯೇ ಈ ಋಣದ ದಾಖಲೆಗಳಿವೆ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಬರಿಮೈಗೆ ಪಂಚೆ ಹೊದ್ದು ಕುಳಿತ ಯಾವ ಮುದುಕರ ತೋಳನ್ನು ನೋಡಿದರೂ, ನಾಲ್ಕಾಣೆಯಷ್ಟು ಅಗಲದ, ಚರ್ಮ ಒಳಕ್ಕೆ ಕುಸಿದು ನೆರಿಗೆಗಟ್ಟಿದ ಕಲೆಗಳು ಕಾಣುತ್ತವೆ: ಅವು ಬಾಲ್ಯದಲ್ಲಿ ದೇವಿ ಹಾಕಿಸಿದ ಗುರುತುಗಳು. ಸಿಡುಬಿನ ಆ ಲಸಿಕೆ ಕರುಗಳ ಬೋಳಿಸಿದ ಹೊಟ್ಟೆಯ ಚರ್ಮವನ್ನು ಗೀರಿ ಅಲ್ಲಿ ಎಬ್ಬಿಸಿದ ಗುಳ್ಳೆಗಳಿಂದ ಕೆರೆದು ತೆಗೆದದ್ದು. ಮುಂಬಯಿ ಇಲಾಖೆಯ ಈ ಭಾಗಕ್ಕೆ ಅದನ್ನು ತಯಾರಿಸಿ ಕೊಡುತ್ತಿದ್ದ ಸಂಸ್ಥೆ ಘಟ್ಟದಾಚೆಯ ಬೆಳಗಾವಿಯಲ್ಲಿಯೇ ಇತ್ತು. ನಡುವಯಸ್ಸಿನವರನ್ನು ಕೇಳಿರಿ, ನಾಯಿ ಕಚ್ಚಿದಾಗ ಹೊಕ್ಕುಳ ಸುತ್ತಲೂ ಹದಿನಾಲ್ಕು ಇಂಜೆಕ್ಷನ್ ಚುಚ್ಚಿಸಿಕೊಂಡ ಸಂಕಟವನ್ನು ಅವರು ರಸವತ್ತಾಗಿ ವರ್ಣಿಸುತ್ತಾರೆ, ಆದರೆ ಆ ಮದ್ದು ರೇಬೀಸ್ ಸೋಂಕು ತಗಲಿಸಿದ ಕುರಿಯ ಮೆದುಳನ್ನು ಅರೆದು ಮಾಡಿದ್ದೆಂಬುದು ಅವರ ವರ್ಣನೆಯಲ್ಲಿ ಬರುವುದಿಲ್ಲ. ಗದ್ದೆಯ ಹಾಳಿಯಲ್ಲಿ ಕೊಳಕುಮಂಡಲ ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಇಂದಿಗೂ ಕುದುರೆಯ ರಕ್ತದಿಂದಲೇ ಬರುತ್ತದೆ: ಕುದುರೆಗೆ ವಿಷವನ್ನು ಅಲ್ಪಾಲ್ಪವಾಗಿ ತಿಂಗಳುಗಟ್ಟಲೆ ಏರಿಸುತ್ತ ಹೋಗಿ, ಅದರ ಮೈ ವಿಷವನ್ನು ಎದುರಿಸಲು ಕಲಿತ ಮೇಲೆ ಕೊರಳಿನ ನಾಳದಿಂದ ರಕ್ತವನ್ನು ಇಳಿಸಿಕೊಳ್ಳುತ್ತಾರೆ. ಬದುಕಿ ಬಂದವನು ದೇವರಿಗೆ ಹರಕೆ ತೀರಿಸುತ್ತಾನೆ, ಡಾಕ್ಟರಿಗೆ ತೆಂಗಿನಕಾಯಿ ಕೊಟ್ಟು ನಮಸ್ಕರಿಸುತ್ತಾನೆ. ಕುದುರೆಯ ನೆನಪು ಯಾರಿಗೂ ಇಲ್ಲ.

ಇವೆಲ್ಲ ಹೊರಗಿನಿಂದ ಬಂದ ಮದ್ದುಗಳೆಂದು ಯಾರಾದರೂ ಹೇಳಬಹುದು. ಹಾಗಾದರೆ ನಮ್ಮದೇ ಕಾಡಿನ, ನಮ್ಮದೇ ಆದ, ನಮ್ಮ ಮಲೆನಾಡಿನ ಊರೊಂದರ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಲ್ಲಿ ಬರೆಸಿದ ರೋಗವನ್ನೇ, ಜನ ಮಂಗನ ಕಾಯಿಲೆ ಎನ್ನುವುದನ್ನೇ, ತೆಗೆದುಕೊಳ್ಳೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸಾಲಾಗಿ ಸತ್ತು ಬೀಳತೊಡಗಿ, ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನ ಬಿಡದ ಜ್ವರದಿಂದ, ಸೊಂಟ ಮುರಿಯುವ ನೋವಿನಿಂದ, ಕೆಲವರು ಒಸಡಿನಲ್ಲಿಯೂ ಮೂಗಿನಲ್ಲಿಯೂ ರಕ್ತ ಒಸರಿ ನೆಲಹಿಡಿದಾಗ, 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಾಣು ಸಂಶೋಧನ ಕೇಂದ್ರದವರು ಬಂದು, ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ನೇತೃತ್ವದಲ್ಲಿ ಅದರ ಕಾರಣವನ್ನು ಹುಡುಕಿದರು. ಕಾಡಿನ ಉಣುಗು ಕಚ್ಚಿ ಹರಡುವ ವೈರಾಣುವೆಂದು ಅವರು ಸಾಧಿಸಿದ ಬಗೆಯನ್ನು ಮೃದುಗೊಳಿಸಿ ಹೇಳುವುದು ನನಗೆ ಸರಿಯಲ್ಲ. ಸತ್ತ ಮಂಗದ ಅಂಗಾಂಶವನ್ನೂ ರೋಗಿಯ ರಕ್ತವನ್ನೂ ಇಲಿಗಳ ಮೈಗೆ ಚುಚ್ಚಿ, ಅವು ರೋಗ ಹಿಡಿದು ಸಾಯುತ್ತವೆಯೋ ಎಂದು ಕಾದು ನೋಡುವುದೇ ಅಂದಿನ ಮಾರ್ಗವಾಗಿತ್ತು. ಇಂಥ ಕೆಲಸಕ್ಕೆ ಉತ್ತಮವೆನಿಸಿದ್ದು ಹುಟ್ಟಿ ಒಂದೆರಡು ದಿನಗಳಾದ ಇಲಿಮರಿ: ಕಣ್ಣು ತೆರೆಯದ, ಕೂದಲು ಮೂಡದ, ಹೊಟ್ಟೆಯೊಳಗೆ ತಾಯಿಯ ಹಾಲು ಬಿಳಿಯ ಚುಕ್ಕೆಯಾಗಿ ಹೊರಗಿನಿಂದಲೇ ಕಾಣುವ ಜೀವಿ, ಅದರ ತಲೆಬುರುಡೆ ಇನ್ನೂ ಗಟ್ಟಿಯಾಗಿರದ ಕಾರಣ ಸೂಜಿ ನೇರವಾಗಿ ಮೆದುಳಿಗೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಮರಿ ಹಾಲು ಬಿಡುತ್ತದೆ, ಕಾಲು ಸೋಲುತ್ತದೆ. ಆಗ ಆ ಮೆದುಳನ್ನು ತೆಗೆದು ಮತ್ತೊಂದು ಮರಿಗೆ ಚುಚ್ಚುತ್ತಾರೆ. ವೈರಾಣುವನ್ನು ಗುರುತಿಸಿದ್ದು ಹೀಗೆ, ಕಾಯ್ದಿಟ್ಟದ್ದು ಹೀಗೆ, ಮುಂದೆ ದಶಕಗಳವರೆಗೆ ಮಲೆನಾಡಿನ ಪ್ರತಿ ಶಂಕಿತ ಜ್ವರವನ್ನು ನಿರ್ಣಯಿಸಿದ್ದೂ ಬಹುಮಟ್ಟಿಗೆ ಹೀಗೆಯೇ. ಪ್ರಯೋಗಶಾಲೆಯ ಕೆಲಸಗಾರರಲ್ಲಿಯೂ ಅನೇಕರು ಆ ರೋಗಕ್ಕೆ ತುತ್ತಾದರೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಈ ಜ್ವರವನ್ನು ತಡೆಯಲು ಮೊದಲು, ಇದರ ಹತ್ತಿರದ ಬಂಧುವಾದ ರಷ್ಯಾದ ಮಿದುಳುಜ್ವರಕ್ಕೆ ಇಲಿಯ ಮೆದುಳಿನಲ್ಲಿ ಬೆಳೆಸಿ ಮಾಡಿದ್ದ ಲಸಿಕೆಯನ್ನು ಇಲ್ಲಿಯ ಜನಕ್ಕೆ ಚುಚ್ಚಿ ನೋಡಿದರು, ಫಲಿಸಲಿಲ್ಲ. ಬಳಿಕ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಾಣುವನ್ನೇ ಬೆಳೆಸಿ, ಫಾರ್ಮಲಿನ್ನಿನಿಂದ ಅದನ್ನು ಕೊಂದು ಮಾಡಿದ ಲಸಿಕೆ ಬಂದಿತು. 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳಲ್ಲಿ ಅದನ್ನು ಪರಿಶೀಲಿಸಿದಾಗ ಒಂದು ಡೋಸಿಗೆ ನೂರಕ್ಕೆ 79ರಷ್ಟು, ಎರಡಕ್ಕೆ 93ಕ್ಕೂ ಮೇಲ್ಪಟ್ಟು ರಕ್ಷಣೆ ಕಂಡುಬಂದಿತು. ನೂರರಲ್ಲಿ ಮೂವರಿಂದ ಐವರನ್ನು ಕೊಲ್ಲುವ, ನೇರವಾದ ಮದ್ದಿಲ್ಲದ ರೋಗಕ್ಕೆ ಇದು ಸಾಮಾನ್ಯವಾದ ಸಾಧನೆಯಲ್ಲ. ಡಿಸೆಂಬರಿನಿಂದ ಮೇವರೆಗೆ, ಉಣುಗಿನ ಮರಿಗಳು ಎಲೆಯ ಮರೆಯಲ್ಲಿ ಕಾದಿರುವ ಕಾಲದಲ್ಲಿಯೇ, ಕೊಟ್ಟಿಗೆಗೆ ದರಕು ತರಲು ಬೆಟ್ಟ ಹತ್ತುವ ಹೊನ್ನಾವರ ಸಿದ್ದಾಪುರಗಳ ಹೆಂಗಸಿನ ಜೀವಕ್ಕೂ ಪುಣೆಯ ಆ ಕಣ್ಣು ತೆರೆಯದ ಮರಿಗೂ ಇರುವ ಸಂಬಂಧವನ್ನು ಯಾವ ವಾದವೂ ಅಳಿಸಲಾರದು.

ಇನ್ನು ಮಂಗದ ವಿಷಯದಲ್ಲಿ ನಮ್ಮ ಲೋಕಮತದ ವೈಚಿತ್ರ್ಯವನ್ನು ನೋಡಬೇಕು. ಶನಿವಾರ ಅದು ಹನುಮಂತ. ಭಾನುವಾರ ಎಳನೀರು ಕೊರೆದು ಬಾಳೆಗೊನೆ ಮುರಿದಾಗ ಅದು ಗರ್ನಾಲಿಗೆ ಗುರಿಯಾಗತಕ್ಕ ಕಳ್ಳ. ಹಿಡಿದು ಲಾರಿಗೆ ಹಾಕಿ ರಾತ್ರೋರಾತ್ರಿ ಪಕ್ಕದ ತಾಲೂಕಿನವರ ತೋಟಕ್ಕೆ ಬಿಟ್ಟುಬರುವುದು ಒಂದು ಗ್ರಾಮಕಾರ್ಯ. ಕಾಡಿನಲ್ಲಿ ಅದು ಸತ್ತುಬಿದ್ದರೆ ಜ್ವರದ ಮೂಲವೇ ಅದೆಂದು ಶಾಪ. ಉಣುಗು ಕಚ್ಚಿದ ಮನುಷ್ಯನಷ್ಟೇ, ಅವನಿಗಿಂತ ಹೆಚ್ಚೇ, ಮಂಗವೂ ಆ ರೋಗದ ಬಲಿಯೆಂಬುದನ್ನು ಅರವತ್ತು ವರ್ಷಗಳ ಹಿಂದೆಯೇ ತಿಳಿಸಿದವರು ಪ್ರಯೋಗಶಾಲೆಯವರು. ಮಂಗ ಸತ್ತ ಜಾಗದ ಸುತ್ತ ಐವತ್ತು ಅಡಿ ಮದ್ದು ಸಿಂಪಡಿಸಿ ಜನರನ್ನು ಎಚ್ಚರಿಸುವ ಕ್ರಮ ಬಂದದ್ದೂ ಆ ತಿಳಿವಿನಿಂದಲೇ. 2021ರಲ್ಲಿ ಹಾಸನ ಜಿಲ್ಲೆಯಲ್ಲಿ ಮೂವತ್ತೆಂಟು ಮಂಗಗಳ ಹೆಣಗಳು ಗೋಣಿಚೀಲಗಳಲ್ಲಿ ರಸ್ತೆಬದಿಯಲ್ಲಿ ಸಿಕ್ಕಾಗ ಉಚ್ಚ ನ್ಯಾಯಾಲಯವು ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಅಲ್ಲಿ ಯಾವ ವಿಜ್ಞಾನಿಯೂ ಇರಲಿಲ್ಲ. ಅವು ಯಾರ ಜ್ಞಾನಕ್ಕೂ, ಯಾರ ಜೀವಕ್ಕೂ ನೆರವಾಗದೆ ಸತ್ತವು. ಆದರೂ ನಮ್ಮ ಸಭ್ಯಸಮಾಜದ ಕಲ್ಪನೆಯಲ್ಲಿ ಮಂಗದ ವೈರಿಯೆಂದರೆ ಬಿಳಿಯ ಕೋಟಿನವನೇ. ಮಂಗಕ್ಕೆ ಮುಖವಿದೆ, ನಾಯಿಗೆ ಕಣ್ಣಿದೆ. ಆದ್ದರಿಂದ ಅವಕ್ಕಷ್ಟು ಕನಿಕರ. ಇಲಿಗೆ ಅದೂ ಇಲ್ಲ. ಅಂಗಡಿಯಿಂದ ಅಂಟಿನ ಹಲಗೆಯನ್ನು ತಂದು ಅಟ್ಟದಲ್ಲಿಟ್ಟು, ಅದಕ್ಕೆ ಅಂಟಿಕೊಂಡ ಇಲಿ ಎರಡು ದಿನ ಕಿರಿಚಿ ಸಾಯುವುದನ್ನು ಕೇಳುತ್ತ ನಿದ್ದೆ ಮಾಡುವ ಮನೆಯವರೇ, ಅರಿವಳಿಕೆ ಕೊಟ್ಟು ಲೆಕ್ಕ ಬರೆದಿಟ್ಟು ಇಲಿಯನ್ನು ಕೊಲ್ಲುವ ಪ್ರಯೋಗಶಾಲೆಯನ್ನು ಕಟುಕರ ಮನೆಯೆಂದು ಕರೆಯುತ್ತಾರೆ.

ಇಲ್ಲಿ ಒಂದು ಅಗ್ಗದ ಉತ್ತರವಿದೆ. ಅದನ್ನು ನಾನು ಬಳಸುವುದಿಲ್ಲ. ಕಾರವಾರದ ಮೀನುಪೇಟೆಯಲ್ಲಿ ಬಂಗಡೆ ತಾರ್ಲೆಗಳ ರಾಶಿಯ ಮುಂದೆ ಚೌಕಾಸಿ ಮಾಡುವವರಿಗೆ ಇಲಿಯ ಮೇಲೆ ಕರುಣೆ ತೋರಿಸುವ ಹಕ್ಕಿಲ್ಲವೆಂಬುದೇ ಆ ಉತ್ತರ. ಒಂದು ಹಿಂಸೆಯಿಂದ ಇನ್ನೊಂದು ಹಿಂಸೆ ಸಮರ್ಥಿತವಾಗುವುದಿಲ್ಲ. ಮೀನು ತಿನ್ನುವವನ ಕರುಣೆಯೂ ಕರುಣೆಯೇ ಆಗಿರಬಹುದು. ನನ್ನ ಆಕ್ಷೇಪ ಅದು ಅಪೂರ್ಣವೆಂಬುದಕ್ಕಲ್ಲ, ತನ್ನ ಪಾಲನ್ನು ಅದು ಒಪ್ಪುವುದಿಲ್ಲವೆಂಬುದಕ್ಕೆ.

ಇಷ್ಟು ಹೇಳಿದೊಡನೆ ಅಂಕೋಲೆಯಲ್ಲಿ ಗಾಂಧೀಜಿಯ ಹೆಸರು ಬಂದೇ ಬರುತ್ತದೆ; 1930ರ ಉಪ್ಪಿನ ಸತ್ಯಾಗ್ರಹ ನಡೆದ, ಕರ್ನಾಟಕದ ಬಾರ್ಡೋಲಿಯೆನಿಸಿಕೊಂಡ ಊರಿನಲ್ಲಿ ಅದು ಸಹಜವೂ ಹೌದು. 1909ರ ‘ಹಿಂದ್ ಸ್ವರಾಜ್’ನಲ್ಲಿ ಅವರು ಡಾಕ್ಟರರನ್ನು ಟೀಕಿಸುತ್ತ ಜೀವಂತ ಪ್ರಾಣಿಗಳನ್ನು ಕೊಯ್ದು ಕಲಿಯುವ ಪದ್ಧತಿಯನ್ನು ನಿಸ್ಸಂದಿಗ್ಧವಾಗಿ ಖಂಡಿಸಿದ್ದಾರೆ. ನಿಜ. ಆದರೆ ಅದೇ ಗಾಂಧೀಜಿ ಸಿಡುಬಿನ ಲಸಿಕೆಯನ್ನೂ ವಿರೋಧಿಸಿ ಬರೆದರು. ನಿರಾಕರಣೆಯ ಬೆಲೆಯನ್ನು ತೆರಲು ಸಿದ್ಧರಾಗಿಯೇ ನಿರಾಕರಿಸಿದರು. ಹಾಲು ಕುಡಿಯೆನೆಂದು ವ್ರತ ತೊಟ್ಟವರು ಕಾಯಿಲೆಯಲ್ಲಿ ಜೀವ ಹೋಗುವ ಸ್ಥಿತಿಗೆ ಬಂದು ಆಡಿನ ಹಾಲನ್ನು ತೆಗೆದುಕೊಂಡಾಗ, ವ್ರತದ ಅಕ್ಷರ ಉಳಿದು ಜೀವಾಳ ಹೋಯಿತೆಂದು ತಮ್ಮ ಆತ್ಮಕಥೆಯಲ್ಲಿ ತಾವೇ ದಾಖಲಿಸಿದರು. ಆಡಿನ ಹಾಲು ಹಿಂಸೆಯಲ್ಲವೆಂಬ ಸಿದ್ಧಾಂತವೊಂದನ್ನು ಹೊಸೆಯಲಿಲ್ಲ. ಅವರ ಲಸಿಕಾವಿರೋಧವನ್ನು ನಾನು ಒಪ್ಪುವುದಿಲ್ಲ. ಅದನ್ನು ನಾಡು ಅನುಸರಿಸಿದ್ದರೆ ಸಿಡುಬು ಇಂದಿಗೂ ನಮ್ಮ ನಡುವೆ ಇರುತ್ತಿತ್ತು. ಆದರೆ ಅವರ ನಿಲುವಿಗೆ ಬೆನ್ನೆಲುಬಿತ್ತು. ಲಸಿಕೆಯನ್ನೂ ಬೇಕೆಂದು, ಲಸಿಕೆ ಮಾಡಿದ ಕೈಯನ್ನೂ ಹೊಲಸೆಂದು ಹೇಳುವವರು ಗಾಂಧಿಯ ನೆರಳಿನಲ್ಲಿ ನಿಲ್ಲುವುದು ಅನ್ಯಾಯ.

ಕಂಪ್ಯೂಟರಿನ ವಾದಕ್ಕೆ ಬರೋಣ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಕುರಿಯ ಮೆದುಳಿನ ರೇಬೀಸ್ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರ ಕೊನೆಗೆ ನಿಂತಿತು. ಮಂಗನ ಕಾಯಿಲೆಯ ನಿರ್ಣಯಕ್ಕೆ ಇಲಿಮರಿಗಳು ಬೇಕಿಲ್ಲ, ರಕ್ತದ ಹನಿಯಲ್ಲಿ ವೈರಾಣುವಿನ ತಂತುವನ್ನೇ ಹುಡುಕುವ ಯಂತ್ರಗಳಿವೆ. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದು ಹೆಚ್ಚುಕಡಮೆ ಮುಗಿದಿದೆ. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಲಾಯಿತು. 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳೂ ತಿದ್ದುಪಡಿಯಾಗಿ ಪ್ರಾಣಿಗಳಿಲ್ಲದ ವಿಧಾನಗಳಿಗೆ ಮನ್ನಣೆ ಸಿಕ್ಕಿತು. ಇವೆಲ್ಲ ಸ್ವಾಗತಾರ್ಹ. ಆದರೆ ಕುರಿಯ ಸ್ಥಾನದಲ್ಲಿ ಬಂದದ್ದು ಕಂಪ್ಯೂಟರಲ್ಲ. ಇಂದಿನ ರೇಬೀಸ್ ಲಸಿಕೆಗಳಲ್ಲಿ ಬಹಳಷ್ಟು ಬೆಳೆಯುವುದು ವೆರೋ ಎಂಬ ಜೀವಕೋಶಗಳಲ್ಲಿ. ಅವು 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಒಂದು ಹಸಿರುಮಂಗದ ಮೂತ್ರಪಿಂಡದಿಂದ ತೆಗೆದು, ಅಂದಿನಿಂದ ಗಾಜಿನ ಪಾತ್ರೆಗಳಲ್ಲಿ ಸಂತತಿ ನಡೆಸಿಕೊಂಡು ಬಂದವು. ಕೊವ್ಯಾಕ್ಸಿನ್ ಬೆಳೆದದ್ದೂ ಅವುಗಳಲ್ಲಿಯೇ. ಒಂದು ಮಂಗದಿಂದ ಕೋಟಿ ಕೋಟಿ ಜನರ ರಕ್ಷಣೆಯೂ, ಲೆಕ್ಕವಿಲ್ಲದಷ್ಟು ಕುರಿಗಳ ಬಿಡುಗಡೆಯೂ ಆಯಿತು. ಇದನ್ನು ಸಾಧಿಸಿದವರು ಸಭೆಯಲ್ಲಿ ನಿಟ್ಟುಸಿರಿಟ್ಟವರಲ್ಲ, ಆ ಕೆಲಸದೊಳಗೇ ಕೈಯಿಟ್ಟು ಅದರ ಕಠೋರತೆಯನ್ನು ಬಲ್ಲವರು. ಗಣಕಯಂತ್ರಕ್ಕೆ ನಾವು ಈಗಾಗಲೇ ತಿಳಿದದ್ದನ್ನು ಕೊಟ್ಟರೆ ಅದು ಲೆಕ್ಕ ಹಾಕಿ ಹೇಳೀತು; ರಕ್ತಸ್ರಾವದ ಜ್ವರವೊಂದು ಯಕೃತ್ತಿನಿಂದ ಮೆದುಳಿಗೆ ಯಾವ ದಾರಿಯಿಂದ ಏರುತ್ತದೆಂಬ ತಿಳಿಯದ ಸಂಗತಿಯನ್ನು ಅದು ಎಲ್ಲಿಂದ ತಂದೀತು?

ಅಹಿಂಸೆಯ ನಾಡಿನಲ್ಲಿ ಇದು ಇರಲಿಲ್ಲವೆಂಬ ಮಾತಿಗೆ ಹೆಚ್ಚು ಕಾಲ ವ್ಯಯಿಸಬೇಕಿಲ್ಲ. ಪೋಲಿಯೋ ಲಸಿಕೆ ಬಂದ ಐವತ್ತರ ದಶಕದಲ್ಲಿ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಮಂಗಗಳನ್ನು ಪರದೇಶಗಳಿಗೆ ರಫ್ತು ಮಾಡಿದ್ದು ಈ ನಾಡೇ. 1955ರಲ್ಲಿ ಲಂಡನ್ ವಿಮಾನನಿಲ್ದಾಣದಲ್ಲಿ ನೂರಾರು ಮಂಗಗಳು ಉಸಿರುಕಟ್ಟಿ ಸತ್ತಾಗ ರಫ್ತನ್ನು ಕೆಲಕಾಲ ತಡೆದು, ವೈದ್ಯಕೀಯ ಕಾರ್ಯಕ್ಕೆ ಮಾತ್ರವೆಂಬ ಕರಾರಿನ ಮೇಲೆ ಮತ್ತೆ ತೆರೆಯಲಾಯಿತು. ಅಮೆರಿಕದ ಸೈನ್ಯದವರು ವಿಕಿರಣದ ಪರೀಕ್ಷೆಗೆ ಅವನ್ನು ಬಳಸಿದರೆಂದು ತಿಳಿದಾಗ, ಕರಾರು ಮುರಿಯಿತೆಂದು, ಮುರಾರ್ಜಿ ದೇಸಾಯಿಯವರ ಸರಕಾರ 1978ರ ಏಪ್ರಿಲ್ ಒಂದರಿಂದ ರಫ್ತನ್ನು ಪೂರ್ಣವಾಗಿ ನಿಲ್ಲಿಸಿತು. ನಮ್ಮ ಇತಿಹಾಸದಲ್ಲಿ ಮಂಗಗಳಿಗೆ ನಿಜವಾಗಿ ಉಪಕಾರವಾದದ್ದು, ಅವುಗಳನ್ನು ಯಾತಕ್ಕೆ ಬಳಸಿದಿರೆಂದು ಲೆಕ್ಕ ಕೇಳಿದ ಆ ಒಂದು ಸಲ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯ ಪ್ರೇರಣೆಯಿಂದ ಹುಟ್ಟಿದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯೂ ಪ್ರಯೋಗವನ್ನು ನಿಷೇಧಿಸಲಿಲ್ಲ. ಅದರ ಮೇಲೆ ಕಣ್ಣಿಡುವ ಸಮಿತಿಯೊಂದಕ್ಕೆ ಅವಕಾಶ ಮಾಡಿತು.

ಲೆಕ್ಕ ಕೇಳುವುದನ್ನು ನಾವು ಬಿಟ್ಟುಬಿಟ್ಟುದರಿಂದ ಏನಾಯಿತೆಂಬುದಕ್ಕೆ ಮಂಗನ ಕಾಯಿಲೆಯ ಲಸಿಕೆಯೇ ನಿದರ್ಶನ. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ತೊಂಬತ್ತರ ದಶಕದಲ್ಲಿ ನೂರಕ್ಕೆ 93ರಷ್ಟು ಕಾಪಾಡಿದ್ದ ಅದು, 2005ರಿಂದ 2010ರವರೆಗಿನ ಅವಧಿಯನ್ನು ಪರಿಶೀಲಿಸಿದವರು ಕಂಡಂತೆ, ಎರಡು ಡೋಸು ಪಡೆದವರಲ್ಲಿ 62ಕ್ಕೆ ಇಳಿದಿತ್ತು. ಆ ಮೇಲೂ ವರ್ಷ ವರ್ಷ ಅದನ್ನೇ ಚುಚ್ಚಲಾಯಿತು. ಕೊನೆಗೆ 2022ರಲ್ಲಿ ಶಕ್ತಿ ಸಾಲದೆಂದು ಬಳಕೆಯನ್ನು ಕೈಬಿಡಲಾಯಿತು. 2024ರ ಬೇಸಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಜ್ವರ ಹಬ್ಬಿದಾಗ ಜನರ ಕೈಗೆ ಬಂದದ್ದು ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಮಾತ್ರ. ಆ ಲಸಿಕೆಯ ಶಕ್ತಿಯನ್ನು ಅಳೆಯುವುದಕ್ಕೂ ಇಲಿಗಳನ್ನೇ ಬಳಸಬೇಕಿತ್ತು. ಅದನ್ನು ಬೆಳೆಸುವುದಕ್ಕೆ ಕಾವು ಕೂತ ಮೊಟ್ಟೆಯ ಭ್ರೂಣ ಬೇಕಿತ್ತು. ಆರಂಭದ ಜ್ಞಾನಕ್ಕಾಗಿ ಮಂಗಗಳೂ ಮುಸಿಯಗಳೂ ಪಂಜರದಲ್ಲಿ ಸತ್ತಿದ್ದವು. ಅಷ್ಟು ಜೀವಗಳನ್ನು ತೆಗೆದುಕೊಂಡು ಸಂಪಾದಿಸಿದ ಫಲವನ್ನು ಅಸಡ್ಡೆಯಿಂದ ಕೊಳೆಯಲು ಬಿಟ್ಟದ್ದಕ್ಕಿಂತ ದೊಡ್ಡ ಪ್ರಾಣಿಹಿಂಸೆಯನ್ನು ಈ ಜಿಲ್ಲೆಯ ಮಟ್ಟಿಗೆ ನಾನರಿಯೆ. ಆ ವರ್ಷಗಳಲ್ಲಿ ಪ್ರಾಣಿದಯೆಯ ಭಾಷಣಗಳಿಗೆ ಕಾರವಾರದಲ್ಲಿ ಕೊರತೆಯಿರಲಿಲ್ಲ. ಇಲಿಗಳು ಸತ್ತವಲ್ಲ, ಆ ಲಸಿಕೆ ಏನಾಯಿತೆಂದು ಕೇಳಿದ ಭಾಷಣವೊಂದನ್ನೂ ನಾನು ಕೇಳಲಿಲ್ಲ. ಪ್ರಾಣಿಯನ್ನು ಬಳಸಲೇಬಾರದೆನ್ನುವವನಿಗೆ, ಬಳಸಿದ ಮೇಲೆ ಸಿಕ್ಕ ಫಲದ ಗೊಡವೆಯಿಲ್ಲ. ಇದರಿಂದ ಅತ್ಯಂತ ಸುಖಿಯಾದವನು ಸೋಮಾರಿ ಅಧಿಕಾರಿ.

ಪ್ರತಿವಿಷದ ಕಥೆಯೂ ಇಂಥದೇ. ಕುದುರೆಗಳಿಗೆ ಚುಚ್ಚುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕರ ವಿಷವನ್ನು ಮಾತ್ರ. ನಮ್ಮ ಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣಕ್ಕೆ ಬಣ್ಣ ಸೇರಿಸಿ ಮಲಗಿರುವ, ಮೂಗಿನ ತುದಿ ಮೇಲಕ್ಕೆ ಸೆಟೆದ ಸಣ್ಣ ಮಂಡಲವು ಕಚ್ಚಿದವನಿಗೆ ಆ ಮದ್ದು ಉಪಯೋಗಕ್ಕೆ ಬಾರದು. ಅದನ್ನು ಕೊಟ್ಟರೆ ಕುದುರೆಯ ರಕ್ತವೂ ವ್ಯರ್ಥ, ರೋಗಿಗೆ ಅಲರ್ಜಿಯ ಅಪಾಯ ಬೇರೆ. ಇಂಥದನ್ನು ಎತ್ತಿ ಆಡಬೇಕಾದವರು ಪ್ರಾಣಿಪಕ್ಷಪಾತಿಗಳೇ.

ಆಡುವುದಕ್ಕೆ ಸ್ಥಳವೂ ಇದೆ. 1998ರ ನಿಯಮಗಳ ಕೆಳಗೆ, ಪ್ರಾಣಿಪ್ರಯೋಗ ನಡೆಸುವ ಪ್ರತಿಯೊಂದು ಸಂಸ್ಥೆಯೂ ನೈತಿಕ ಸಮಿತಿಯೊಂದನ್ನು ಹೊಂದಿರತಕ್ಕದ್ದು. ಅದರಲ್ಲಿ ವಿಜ್ಞಾನಿಗಳ, ಪಶುವೈದ್ಯರ ಜತೆಗೆ ವಿಜ್ಞಾನಿಯಲ್ಲದ, ಸಮಾಜದ ಅರಿವುಳ್ಳ ಒಬ್ಬ ಸದಸ್ಯನಿಗೂ ಕುರ್ಚಿಯಿದೆ. ಎಷ್ಟು ಪ್ರಾಣಿಗಳು, ಯಾತಕ್ಕೆ, ಕಡಮೆಯಲ್ಲಿ ಆಗದೆ, ನೋವು ತಗ್ಗಿಸಲು ಏನು ಮಾಡಿದ್ದೀರಿ ಎಂದು ಕೇಳುವುದು ಅವನ ಕೆಲಸ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ, ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ವಿಭಾಗವಿದೆ, ಇಂಥ ಪ್ರಶ್ನೆಗಳನ್ನು ಕೇಳುವಷ್ಟು ಓದಿದ ನಿವೃತ್ತ ಶಿಕ್ಷಕರೂ ವಕೀಲರೂ ಊರಿನಲ್ಲಿ ಬೇಕಾದಷ್ಟಿದ್ದಾರೆ. ಆ ಕುರ್ಚಿಯಲ್ಲಿ ಕೂತವನು ಇಲಿಮರಿಯ ತಲೆಗೆ ಸೂಜಿ ಇಳಿಯುವುದನ್ನು ಕಾಗದದ ಮೇಲಾದರೂ ನೋಡಬೇಕಾಗುತ್ತದೆ, ನೋಡಿ ಆಗಲಿ ಎಂದೋ ಕೂಡದು ಎಂದೋ ಹೆಸರು ಹಾಕಿ ಸಹಿ ಮಾಡಬೇಕಾಗುತ್ತದೆ. ಚಹದ ಅಂಗಡಿಯಲ್ಲಿ ಛೇ ಎನ್ನುವುದಕ್ಕೆ ಸಹಿ ಬೇಡ.

ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಲಸಿಕಾ ಸಂಸ್ಥೆಯೊಂದರ ಜತೆಗೂಡಿ ಮಂಗನ ಕಾಯಿಲೆಗೆ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿದೆ. ಪ್ರಾಣಿಗಳ ಮೇಲಿನ ಪರೀಕ್ಷೆಗಳನ್ನು ದಾಟಿ ಅದು ಮನುಷ್ಯರ ಮೇಲಿನ ಪರೀಕ್ಷೆಯ ಹಂತಕ್ಕೆ ಬಂದಿದೆ. ನಾಳೆ ಅದು ಘಟ್ಟದ ಕೆಳಗಿನ ಊರುಗಳಿಗೂ ಬಂದೀತು. ಬಂದಾಗ, ಪ್ರತಿ ತಂಡದ ಲಸಿಕೆಯ ಶಕ್ತಿಪರೀಕ್ಷೆಯ ಫಲಿತಾಂಶವನ್ನು, ಅದಕ್ಕಾಗಿ ಬಳಸಿದ ಇಲಿಗಳ ಸಂಖ್ಯೆಯೊಡನೆ, ಕನ್ನಡದಲ್ಲಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಬೇಕೆಂದು ಈ ಜಿಲ್ಲೆಯ ಜನ ಈಗಿನಿಂದಲೇ ಕೇಳತೊಡಗಬೇಕು.